ಅಯ್ಯನವರ ಮೇಲಿನ ದೂರು ಅಯ್ಯನವರ ಎದುರಿಗೇ

ಭಾನುವಾರ ಆರಾಧನೆ ಮುಗಿಸಿ ನಾವು ನಾಲ್ಕೈದು ಮಂದಿ ಚಹಾದಂಗಡಿಯಲ್ಲಿ ಕೂಡುತ್ತಿದ್ದೆವು. ಚಹಾ ಬರುವುದರೊಳಗೆ ಅಯ್ಯನವರ, ಅಂದರೆ ನಮ್ಮ ಚರ್ಚಿನ ಪಾದ್ರಿಗಳ, ಪ್ರಸಂಗ ಚಿಂದಿಯಾಗಿರುತ್ತಿತ್ತು. ಉದ್ದ ಆಯಿತು, ಹೋದ ವರ್ಷದ್ದೇ ಆಯಿತು, ಮನೆಗಳಿಗೆ ಬರೋದಿಲ್ಲ. ಎಲ್ಲರಿಗಿಂತ ಜಾಸ್ತಿ ಮಾತಾಡುತ್ತಿದ್ದವನು ನಾನೇ.

ನಮ್ಮ ಗುಳೇದಗುಡ್ಡದಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಕೆಲಸ ಶುರುವಾದದ್ದು 1851ರಲ್ಲಿ. ನಮ್ಮ ಮನೆತನ ಸಭೆಗೆ ಸೇರಿದ್ದು ಮುತ್ತಜ್ಜನ ಕಾಲಕ್ಕೆ. ಅದರದ್ದೇ ಒಂದು ಸೊಕ್ಕು ನಮಗೆ. ಅಯ್ಯನವರು ವರ್ಗವಾಗಿ ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ, ಸಭೆ ಮಾತ್ರ ನಮ್ಮದು ಅಂತ.

ಅವ್ವ ಬಾಗಲಕೋಟೆಯ ಆಸ್ಪತ್ರೆಯಲ್ಲಿದ್ದಾಗ ಅಯ್ಯನವರು ನಾಲ್ಕು ದಿನ ತಡವಾಗಿ ಬಂದರು. ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಒಂದು ದಿನ ಹೆಂಡತಿ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಊರ ಮುಂದ ಹೇಳಾಕ ಬರ್ತದ, ಅವರ ಮುಂದ ಹೇಳಾಕ ಬರಂಗಿಲ್ಲೇನ್ರೀ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬೈಬಲಿನ ಮತ್ತಾಯ 18:15 ಹೇಳುವುದೂ ಅದನ್ನೇ ಅಲ್ವಾ, ತಪ್ಪಿದ್ದರೆ ಮೊದಲು ಅವನೊಬ್ಬನೇ ಇದ್ದಾಗ ಹೋಗಿ ಹೇಳು ಅಂತ. ಪ್ರಾರ್ಥನಾ ಕೂಟದಲ್ಲಿ ನಾನೇ ಅದನ್ನು ಓದಿದ್ದೆ.

ಸಂಜೆ ಹೋಗಿ ಹೇಳಿದೆ. ಅವರು ಜಗಳಕ್ಕೆ ಬರಲಿಲ್ಲ. "ತಪ್ಪಾತ್ರೀ" ಅಂದರು. ಆಮೇಲೆ ಆ ವಾರದ ಡೈರಿ ತೋರಿಸಿದರು. ಮೂರು ಊರಿನ ಸಭೆ ಅವರೊಬ್ಬರ ಮೇಲೆ. ಎರಡು ಮಣ್ಣು, ಒಂದು ಮದುವೆ, ಕರೆಂಟ್ ಬಿಲ್ಲಿಗೆ ಓಡಾಟ, ಕೆಟ್ಟ ಬೋರ್‌ವೆಲ್ ಮೋಟಾರು, ಕಾಣಿಕೆ ಲೆಕ್ಕ. ಪ್ರಸಂಗಕ್ಕೆ ಕೂತದ್ದು ಶನಿವಾರ ರಾತ್ರಿ ಹತ್ತರ ಮೇಲೆ. ಹೋದ ವರ್ಷದ್ದೇ ಯಾಕೆ ಬರುತ್ತದೆ ಅಂತ ಆಗ ತಿಳಿಯಿತು.

ಅಪೊಸ್ತಲರ ಕೃತ್ಯಗಳು 6ರಲ್ಲೂ ಗೊಣಗಾಟವೇ ಇದೆ. ದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನು ಬಿಡುತ್ತಿದ್ದಾರೆ ಅಂತ ಗ್ರೀಕ್ ಮಾತಾಡುವವರ ದೂರು. ಅಪೊಸ್ತಲರು, ಅಂದರೆ ಸಭೆ ನಡೆಸುತ್ತಿದ್ದ ಯೇಸುವಿನ ಶಿಷ್ಯರು, ಅವರ ಬಾಯಿ ಮುಚ್ಚಿಸಲಿಲ್ಲ. ಏಳು ಜನರನ್ನು ಆರಿಸಿ ಅಂದರು, ಆ ಕೆಲಸ ಅವರ ಕೈಗೆ ಕೊಟ್ಟರು. ನನಗೆ ಹಿಡಿಸಿದ್ದು ಇದು.

ನಾನು ಹಿಡಿದದ್ದು ಒಂದೇ ಕೆಲಸ: ಬಿಲ್ಲು, ಮೋಟಾರು, ಚರ್ಚಿನ ಬೀಗದ ಕೈ. ನಮ್ಮದು ಖಣ ನೇಯುವ ಮನೆ, ಮಧ್ಯಾಹ್ನ ಮಗ್ಗ ಬಿಟ್ಟು ಒಂದು ತಾಸು ಓಡಾಡಬಹುದು. ಚಹಾದಂಗಡಿಯ ಗೆಳೆಯನೊಬ್ಬನಿಗೆ ಬೈಕ್ ಇತ್ತು. ಯಾರು ಆಸ್ಪತ್ರೆ ಸೇರಿದರೂ ಅಯ್ಯನವರಿಗೆ ಫೋನ್ ಮಾಡಿ ಕರೆದುಕೊಂಡು ಹೋಗುವುದು ಅವನ ಪಾಲಿಗೆ ಬಂತು. ಅವ್ವನ ಸುದ್ದಿಯನ್ನು ಅಯ್ಯನವರಿಗೆ ಯಾರೂ ಮುಟ್ಟಿಸಿಯೇ ಇರಲಿಲ್ಲ, ನಾನೂ ಸೇರಿ! ಅವರಿಗೆ ಗೊತ್ತಾಗಲಿ ಅಂತ ಸುಮ್ನೆ ಕಾದಿದ್ದೆ.

ಮೊದಲ ತಿಂಗಳು ಕಷ್ಟವಾಯಿತು. "ಅಯ್ಯನೋರ ಚಮಚಾ ಆದಿ" ಅಂದವರಿದ್ದರು. ಚಹಾಕ್ಕೆ ಹೋಗುವುದನ್ನು ನಾನು ಬಿಡಲಿಲ್ಲ. ಯಾರಾದರೂ ದೂರು ಎತ್ತಿದರೆ, "ಬಾ, ಇಬ್ಬರೂ ಹೋಗಿ ಅವರಿಗೇ ಹೇಳೋಣ" ಅನ್ನುತ್ತಿದ್ದೆ. ಅರ್ಧ ದೂರುಗಳು ಅಲ್ಲೇ ಆರಿಹೋದವು. ಉಳಿದವನ್ನು ನಿಜವಾಗಿಯೂ ಹೋಗಿ ಹೇಳಿದೆವು.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಬೆಂಬಲ ಅಂದರೆ ಮುಚ್ಚಿಡುವುದಲ್ಲ. ಹಣ, ಹೆಣ್ಣುಮಕ್ಕಳು ಮತ್ತು ಮಕ್ಕಳ ಸುರಕ್ಷೆಯ ಮಾತು ಬಂದರೆ ಗುಟ್ಟು ಬೇಡವೇ ಬೇಡ. ಸಭೆಯ ಹಿರಿಯರ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿ ಬೇಕು ಅನ್ನುವ ಬೈಬಲಿನ ಪೌಲನೇ, ಮುಂದಿನ ವಚನದಲ್ಲಿ, ಪಾಪದಲ್ಲಿ ನಡೆಯುವವರನ್ನು ಎಲ್ಲರೆದುರು ಗದರಿಸು ಅನ್ನುತ್ತಾನೆ. ಜನ ಮೊದಲನೆಯದನ್ನಷ್ಟೇ ಓದುತ್ತಾರೆ. ನಮ್ಮಲ್ಲಿ ಈಗ ಕಾಣಿಕೆಯನ್ನು ಇಬ್ಬರು ಎಣಿಸುತ್ತಾರೆ, ತಿಂಗಳ ಲೆಕ್ಕ ಬಾಗಿಲಿಗೆ ಅಂಟಿಸುತ್ತೇವೆ. ಅಂಟಿಸೋಣ ಅಂದದ್ದು ಅಯ್ಯನವರೇ.

ಪ್ರಸಂಗ? ಹೊಸದು ಬರುತ್ತಿದೆ, ಆದರೆ ಉದ್ದ ಕಮ್ಮಿಯಾಗಿಲ್ಲ. ಅದನ್ನೂ ಎದುರಿಗೇ ಹೇಳಿ ಒಂದು ಒಪ್ಪಂದ ಮಾಡಿಕೊಂಡೆವು. ಅರ್ಧ ತಾಸು ದಾಟಿದರೆ ಮೂರನೇ ಸಾಲಿನಲ್ಲಿ ಕೂತ ನಾನು ಕನ್ನಡಕ ತೆಗೆಯಬೇಕು. ಹೋದ ಭಾನುವಾರ ತೆಗೆದೆ. ನೋಡಿದರು, ನಕ್ಕರು, ಇನ್ನೂ ಹತ್ತು ನಿಮಿಷ ಮಾತಾಡಿದರು.