ಮರೆವಿನ ಪರೀಕ್ಷೆಗೆ ಜೋಳದ ರೊಟ್ಟಿ: ನನ್ನ ಅನುಭವ

"ರೊಟ್ಟಿ ಮಾಡಿಸಿ ರಿಪೋರ್ಟ್ ಬರೀತೀರೇನ್ರೀ?" ಅಂತ ನಕ್ಕಿದ್ದ ಡಾಕ್ಟರೇ ಈಗ ತಿಂಗಳಿಗೆ ಐದಾರು ಜನರನ್ನು ನನ್ನ ಹತ್ತಿರ ಕಳಿಸುತ್ತಾರೆ. ವಯಸ್ಸಾದವರಿಗೆ ಮರೆವಿನ ಕಾಯಿಲೆ ಇದೆಯಾ ಅಂತ ಅವರ ದಿನನಿತ್ಯದ ಕೆಲಸ ಮಾಡಿಸಿ ನೋಡುತ್ತೇನೆ. ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಇದಕ್ಕೆ ಲಾಟನ್ ಸ್ಕೇಲ್ ಅಂತ ಒಂದಿದೆ: ಫೋನು, ಸಂತೆ, ಅಡುಗೆ, ದುಡ್ಡಿನಂಥ ದಿನದ ಕೆಲಸಗಳನ್ನು ಹಿರಿಯರು ತಾವೇ ಮಾಡ್ತಾರಾ ಅಂತ ಅಂಕ ಹಾಕುವ ಪಟ್ಟಿ. 1969ರದ್ದು, ಎಂಟು ಅಂಶ. ಗಂಡಸರಿಗೆ ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು ಬಿಟ್ಟು ಐದೇ ಲೆಕ್ಕ ಅಂತ ಆಗ ವಿನಾಯಿತಿ ಇತ್ತು. ನಮ್ಮ ಕಲಬುರಗಿಯ ಆಳಂದ, ಜೇವರ್ಗಿ ಕಡೆಯ ಆಯಿಗಳಿಗೆ, ಅಂದರೆ ಅಜ್ಜಿಯರಿಗೆ, ಯಾರು ವಿನಾಯಿತಿ ಕೊಡಬೇಕು? ಫೋನ್ ಹಚ್ಚಿಕೊಡೋದು ಮೊಮ್ಮಗ, ಸಂತೆಗೆ ಹೋಗೋದು ಮಗ, ದುಡ್ಡು ಮುತ್ಯಾನ (ಅಜ್ಜನ) ಕಿಸೆಯಲ್ಲಿ. ಬುದ್ಧಿ ನೆಟ್ಟಗಿದ್ದರೂ ಅಂಕ ಅರ್ಧಕ್ಕೆ ಇಳಿಯುತ್ತದೆ. ಹರಿಯಾಣದ ಬಲ್ಲಭಗಢದಲ್ಲಿ ಓದು ಬರದ ಹಿರಿಯರಿಗಾಗಿಯೇ ಕಟ್ಟಿದ, ಇಂಥದ್ದೇ ದಿನದ ಕೆಲಸಗಳ ಪಟ್ಟಿಯಾದ ಈಸಿ (EASI) ಸ್ಕೇಲ್ ಎಷ್ಟೋ ವಾಸಿ. ಆದರೆ ಅದಕ್ಕೂ ಮನೆಯವರನ್ನೇ ಕೇಳಬೇಕು. ಮಗ "ಎಲ್ಲಾ ಮಾಡ್ತಾಳ್ರಿ" ಅಂತಾನೆ, ಸೊಸೆ "ಏನೂ ಮಾಡಂಗಿಲ್ರಿ" ಅಂತಾಳೆ. ಯಾರನ್ನು ನಂಬೋದು?

ಮಾಡಿಸಿಯೇ ನೋಡೋಣ ಅಂತ ಮೊದಲು ಕ್ಲಿನಿಕ್ಕಿನಲ್ಲೇ ಒಂದು ಅಡುಗೆಮೂಲೆ ಮಾಡಿದೆ. ಇಂಡಕ್ಷನ್ ಒಲೆ, ಪಾತ್ರೆ, ಟೇಬಲ್ಲು, ಎಲ್ಲ ಸೇರಿ ಏಳೆಂಟು ಸಾವಿರ ಹೋಯಿತು. ಪೂರಾ ದಂಡ. ಆಯಿಗಳು ಆ ಒಲೆ ಕಂಡು ಹಿಂದೆ ಸರಿದರು. ನೆಲದ ಮೇಲೆ ಕೂತು ರೊಟ್ಟಿ ಬಡಿದವರು ಟೇಬಲ್ ಮುಂದೆ ನಿಂತು ಏನು ಮಾಡ್ತಾರೆ? ಆ ಒಲೆಯಲ್ಲಿ ಈಗ ನಾನು ಚಹಾ ಕಾಸುತ್ತೇನೆ.

ಹಾಗಾಗಿ ಅವರ ಮನೆಗೇ ಹೋದೆ. ಅವರ ಹಂಚು, ಅವರ ಹಿಟ್ಟು. ನೋಡಬೇಕಾದ್ದು ಬಡಿಯೋದನ್ನಲ್ಲ. ಐವತ್ತು ವರ್ಷ ಬಡಿದ ಕೈ ಅಷ್ಟು ಬೇಗ ಮರೆಯೋದಿಲ್ಲ. ಹೆಸರು ಮರೆತವರೂ ದುಂಡಗೆ ಬಡಿಯುತ್ತಾರೆ. ಕೈ ತಪ್ಪೋದು ಅದರ ಹಿಂದೆ ಮುಂದೆ. ಹಿಟ್ಟಿಗೆ ಎಸರು ಹಾಕಿದ್ದು ಮರೆತು ಮತ್ತೆ ಹಾಕುತ್ತಾರೆ. ಹಂಚಿನ ಮೇಲೆ ರೊಟ್ಟಿಗೆ ನೀರು ಸವರಿ, ತಿರುವಿ ಹಾಕೋದು ಬಿಟ್ಟು ಮತ್ತೆ ಸವರುತ್ತಾರೆ. ಕೊನೆಗೆ ಗ್ಯಾಸ್ ಉರಿಯುತ್ತಲೇ ಇರುತ್ತದೆ. ಒಬ್ಬ ಆಯಿ ಕೂರುವ ಮೊದಲೇ, "ಎಷ್ಟು ಮಂದಿಗಿ ಹೇಳು, ಸುಮ್ನ ಮಾಡು ಅಂದ್ರ ಹ್ಯಾಂಗ?" ಅಂತ ನನ್ನನ್ನೇ ಬೈದಳು. ಆ ಪ್ರಶ್ನೆಗೇ ಪೂರ್ತಿ ಅಂಕ ಕೊಟ್ಟೆ! ಸೊಸೆ ಹೇಳಿದ್ದು ಆಕೆಗೆ ಏನೂ ಬರಲ್ಲ ಅಂತ. ನಿಜ ಏನಂದರೆ, ಆಕೆಯನ್ನು ಒಲೆ ಹತ್ತಿರ ಬಿಟ್ಟೇ ವರ್ಷವಾಗಿತ್ತು.

ಅಂಕ ನಾನು ಕೊಡೋದು ಸಹಾಯದ ಲೆಕ್ಕದಲ್ಲಿ. ತಾನೇ ಮಾಡಿದರೆ ಮೂರು, ಬಾಯಲ್ಲಿ ನೆನಪಿಸಿದರೆ ಎರಡು, ತೋರಿಸಬೇಕಾದರೆ ಒಂದು, ಕೈ ಹಿಡಿದರೆ ಸೊನ್ನೆ. ಅಡುಗೆ ಶುರುವಾಗುವ ಮುಂಚೆ ಅಡುಗೆಮನೆಯಲ್ಲಿ ಒಂದು ಸಣ್ಣ ವಸ್ತು ಬದಲಿಸಿಡುತ್ತೇನೆ. ಅದೇನು ಅಂತ ಬರೆಯಲ್ಲ, ಮನೆಯವರು ಓದಿ ಮೊದಲೇ ಹೇಳಿಕೊಟ್ಟುಬಿಡ್ತಾರೆ. ಅದನ್ನು ಕಂಡು ಆಯಿ ಏನು ಮಾಡ್ತಾಳೆ ಅನ್ನೋದರಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಮುತ್ಯಾಗಳಿಗೆ ರೊಟ್ಟಿ ನಡೆಯಲ್ಲ. ನೂರರ ನೋಟು ಕೊಟ್ಟು ಕಿರಾಣಿ ಅಂಗಡಿಗೆ ಕಳಿಸುತ್ತೇನೆ, ಎರಡು ಸಾಮಾನು, ಉಳಿದ ಚಿಲ್ಲರೆ ವಾಪಸ್. ನಾನು ಇಪ್ಪತ್ತು ಹೆಜ್ಜೆ ಹಿಂದೆ. ಚಿಲ್ಲರೆ ತಪ್ಪಿದರೆ ಮೊದಲು ಕಣ್ಣು ನೋಡಿ. ಎಷ್ಟೋ ಸಲ ಮರೆವಲ್ಲ, ಪೊರೆ. ಬೇಸಿಗೆಯಲ್ಲಿ ಒಂಬತ್ತು ಗಂಟೆಯೊಳಗೆ ಮುಗಿಸಿ. ನಮ್ಮ ನಲವತ್ತೆರಡು ಡಿಗ್ರಿಯಲ್ಲಿ ನೆಟ್ಟಗಿದ್ದವರ ತಲೆಯೂ ಓಡಲ್ಲ. ತೊಗರಿ ಬೇಳೆಯಲ್ಲಿ ಕಲ್ಲು ಬೆರೆಸಿ ಆರಿಸಲು ಕೊಟ್ಟೂ ನೋಡಿದೆ. ಆಯಿಗಳಿಗೆ ಖುಷಿ, ನನಗೆ ಏನೂ ಸಿಗಲಿಲ್ಲ.

ದುಡ್ಡಿನ ಮಾತು ಬಂದರೆ ಮನೆಭೇಟಿಗೆ ಐನೂರು ತಗೊಳ್ತೇನೆ. ಸೇಡಂ, ಅಫಜಲಪುರ ಕಡೆಯಾದರೆ ಓಡಾಟಕ್ಕೇ ಇನ್ನೂರು ಮುನ್ನೂರು, ಅರ್ಧ ದಿನ ಬೇರೆ. "ಅಡುಗಿ ನೋಡಾಕೂ ಫೀಸಾ?" ಅನ್ನೋರು ಇದ್ದೇ ಇದ್ದಾರೆ. ಆರು ತಿಂಗಳಿಗೆ ಎರಡನೇ ಭೇಟಿ ಮಾಡಿ, ಯಾವ ಹಂತ ಕುಸಿದಿದೆ ಅಂತ ಎರಡೂ ಹಾಳೆ ಪಕ್ಕದಲ್ಲಿಟ್ಟು ತೋರಿಸಿದಾಗ ಆ ಡಾಕ್ಟರು ನಗೋದು ನಿಲ್ಲಿಸಿದ್ದು.

ಈಗ ಬಸ್ಸಿನ ಪರೀಕ್ಷೆ ಕಟ್ಟುತ್ತಿದ್ದೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ ದುಡ್ಡಿನ ಲೆಕ್ಕವೇ ಇಲ್ಲ. ಆಧಾರ್ ಕಾರ್ಡ್ ತೆಗೆದು ತೋರಿಸಿ, ಮತ್ತೆ ಅದೇ ಚೀಲಕ್ಕೆ ಹಾಕುತ್ತಾರಾ, ಇಳಿಯೋ ಊರು ಹೇಳ್ತಾರಾ ಅನ್ನೋದನ್ನೇ ಅಳೆಯಬೇಕು. ಕಂಡಕ್ಟರಿಗೆ ಮೊದಲೇ ಹೇಳಿಟ್ಟಿರಿ, ಇಲ್ಲದಿದ್ದರೆ ಅವರೇ ಎಲ್ಲ ಮಾಡಿಕೊಟ್ಟುಬಿಡ್ತಾರೆ.