ಯುಕೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಮೇಲೆ ಟ್ಯಾಕ್ಸ್ ಕ್ಲಾಸ್ ಬದಲಾಯಿಸುವುದು ಹೇಗೆ

ಕಾರಿಗೆ ದುಡ್ಡು ಕೊಡುವ ಮೊದಲು ಮಾರುವವರ ಹತ್ತಿರ ವಿ5ಸಿ ತೋರಿಸಿ ಅಂತ ಕೇಳಿ. ವಿ5ಸಿ ಅಂದರೆ ಇಲ್ಲಿನ ವಾಹನ ನೋಂದಣಿ ಇಲಾಖೆ ಡಿವಿಎಲ್‌ಎ ಕೊಡುವ ಲಾಗ್‌ಬುಕ್, ನಮ್ಮ ಆರ್‌ಸಿ ಥರದ್ದು. ಅದರಲ್ಲಿ ಕಾರಿನ ವಿವರ ಇರುವ ಭಾಗದಲ್ಲಿ 'ಟ್ಯಾಕ್ಸೇಷನ್ ಕ್ಲಾಸ್' ಅಂತ ಒಂದು ಸಾಲು ಇರುತ್ತದೆ, ಕಾರು ಯಾವ ಟ್ಯಾಕ್ಸ್ ವರ್ಗದ್ದು ಅಂತ ಹೇಳುವುದು ಅದೇ. ನಮ್ಮವರು ಮೈಲೇಜು ನೋಡುತ್ತಾರೆ, ಟೈರು ನೋಡುತ್ತಾರೆ, ಎಂಒಟಿ (ಕಾರು ಓಡಿಸಲು ಯೋಗ್ಯವೇ ಅಂತ ವರ್ಷಕ್ಕೊಮ್ಮೆ ಮಾಡುವ ಪರೀಕ್ಷೆ) ಇತಿಹಾಸ ಪೂರ್ತಿ ಓದುತ್ತಾರೆ, ಈ ಒಂದು ಸಾಲು ಮಾತ್ರ ಬಿಟ್ಟುಬಿಡುತ್ತಾರೆ. ಅಲ್ಲಿ ಪೆಟ್ರೋಲ್ ಕಾರ್, ಡೀಸೆಲ್ ಕಾರ್ ಅಂತಲೋ, ತುಂಬ ಹಳೆಯ ಕಾರಾದರೆ ಪಿಎಲ್‌ಜಿ (ಖಾಸಗಿ ಅಥವಾ ಲಘು ಸರಕು ವಾಹನ) ಅಂತಲೋ ಇದ್ದರೆ ಈ ಬರಹ ನಿಮಗೆ ಬೇಕಿಲ್ಲ. ಆರಾಮಾಗಿ ಆನ್‌ಲೈನ್‌ನಲ್ಲೇ ಟ್ಯಾಕ್ಸ್ ಕಟ್ಟಬಹುದು. ಆದರೆ 'ಡಿಸೇಬಲ್ಡ್' ಅಂತ, ಅಂದರೆ ಅಂಗವಿಕಲರಿಗೆ ಟ್ಯಾಕ್ಸ್ ಮಾಫಿ ಇರುವ ಕ್ಲಾಸ್ ಅಂತ ಇದ್ದರೆ ಸ್ವಲ್ಪ ನಿಲ್ಲಿ. ಆ ಕಾರನ್ನು ಕೊಳ್ಳಬಾರದು ಅಂತ ಅಲ್ಲ. ಅದನ್ನು ಯಾವ ದಿನ, ಯಾವ ಹೊತ್ತಿಗೆ ಮನೆಗೆ ತರುತ್ತೀರಿ ಅನ್ನುವುದನ್ನು ಮೊದಲೇ ಯೋಚಿಸಬೇಕು.

ಯಾಕೆ ಅಂತ ಹೇಳುತ್ತೇನೆ. ಕರ್ನಾಟಕದಲ್ಲಿ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಿದ ಕಾರನ್ನು ಅಲ್ಲೇ ಇನ್ನೊಬ್ಬರಿಗೆ ಮಾರಿದರೆ ಆ ಟ್ಯಾಕ್ಸ್ ಕಾರಿನ ಜೊತೆಗೇ ಹೋಗುತ್ತದೆ. ಅದೇ ಲೆಕ್ಕ ತಲೆಯಲ್ಲಿಟ್ಟುಕೊಂಡು ಇಲ್ಲಿ ಬಂದವರಿಗೆ ಮೊದಲ ಪೆಟ್ಟು ಬೀಳುವುದೇ ಇಲ್ಲಿ. ಯುಕೆಯಲ್ಲಿ 2014ರ ಅಕ್ಟೋಬರ್ 1ರಿಂದ ಟ್ಯಾಕ್ಸ್ ಹೊಸಬರಿಗೆ ವರ್ಗಾವಣೆ ಆಗುವುದಿಲ್ಲ. ಗಾಜಿಗೆ ಅಂಟಿಸುತ್ತಿದ್ದ ಕಾಗದದ ಟ್ಯಾಕ್ಸ್ ಡಿಸ್ಕ್ ಹೋಗಿದ್ದೂ ಅದೇ ದಿನ. ಹಳೆಯ ಮಾಲೀಕರು ಒಂದು ವರ್ಷದ್ದು ಕಟ್ಟಿದ್ದರೂ ಅಷ್ಟೇ, ಕಾರು ಮಾರಿದೆ ಅಂತ ಡಿವಿಎಲ್‌ಎಗೆ ತಿಳಿಸಿದರೆ ಉಳಿದ ಪೂರ್ತಿ ತಿಂಗಳುಗಳ ದುಡ್ಡು ಅವರಿಗೆ ವಾಪಸ್ ಹೋಗುತ್ತದೆ. ನೀವು ಹೊಸದಾಗಿ ಕಟ್ಟಿಯೇ ರಸ್ತೆಗೆ ಇಳಿಸಬೇಕು. ಕಾರು ಸೋರ್ನ್ ಆಗಿದ್ದರೆ, ಅಂದರೆ ರಸ್ತೆಗೆ ಇಳಿಸುವುದಿಲ್ಲ ಅಂತ ಹೇಳಿಕೆ ಕೊಟ್ಟಿದ್ದರೆ, ಅದು ಕೂಡ ನಿಮ್ಮ ಹೆಸರಿಗೆ ಬರುವುದಿಲ್ಲ.

ಟ್ಯಾಕ್ಸ್ ಹೋಗುತ್ತದೆ, ಕ್ಲಾಸ್ ಮಾತ್ರ ಹಾಗೇ ಉಳಿಯುತ್ತದೆ. ಎಲ್ಲರೂ ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ. ಡಿಸೇಬಲ್ಡ್ ಕ್ಲಾಸಿನ ವಿನಾಯಿತಿ ಕಾರಿಗೆ ಕೊಟ್ಟಿದ್ದಲ್ಲ, ಒಬ್ಬ ಮನುಷ್ಯರಿಗೆ ಕೊಟ್ಟಿದ್ದು. ಪಿಐಪಿ, ಡಿಎಲ್‌ಎ ಅಂದರೆ ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಭತ್ಯೆಗಳು. ಪಿಐಪಿಯಲ್ಲಿ ಓಡಾಟಕ್ಕೆ ಸಿಗುವ ಹೆಚ್ಚಿನ ದರದ ನೆರವು, ಡಿಎಲ್‌ಎಯ ಹೆಚ್ಚಿನ ದರದ್ದು, ಸೈನ್ಯದಲ್ಲಿ ಗಾಯಗೊಂಡವರಿಗೆ ಸಿಗುವ ಕೆಲವು ಭತ್ಯೆಗಳು, ಇಂಥದ್ದು ಇರುವವರಿಗೆ ಒಂದು ಕಾರಿನ ಟ್ಯಾಕ್ಸ್ ಪೂರ್ತಿ ಮಾಫಿ. ಕಾರು ಅವರ ಹೆಸರಲ್ಲಿ ಅಥವಾ ಅವರು ಹೇಳಿದ ಡ್ರೈವರ್ ಹೆಸರಲ್ಲಿ ಇರಬೇಕು, ಅವರ ಅಗತ್ಯಕ್ಕೇ ಬಳಕೆ ಆಗಬೇಕು. ಕಾರು ನಿಮ್ಮ ಕೈಗೆ ಬಂದ ಕೂಡಲೇ ಆ ಹಕ್ಕು ಮುಗಿಯಿತು. ಆದರೆ ಡಿವಿಎಲ್‌ಎ ದಾಖಲೆಯಲ್ಲಿ ಕ್ಲಾಸ್ ತನ್ನಷ್ಟಕ್ಕೆ ತಾನೇ ಬದಲಾಗುವುದಿಲ್ಲ. ಯಾರಾದರೂ ಹೋಗಿ ಬದಲಾಯಿಸಬೇಕು, ಆ ಯಾರಾದರೂ ಅನ್ನುವವರು ಬಹುತೇಕ ಸಲ ನೀವೇ.

ಇಂಥ ಕಾರುಗಳು ಅಪರೂಪ ಅಂತ ಅಂದುಕೊಳ್ಳಬೇಡಿ. ಅಂಗವಿಕಲರು ತಮ್ಮ ಭತ್ಯೆಯಿಂದ ಕಾರು ಲೀಸ್‌ಗೆ ಪಡೆಯುವ ಮೋಟಬಿಲಿಟಿ ಸ್ಕೀಮ್‌ನಲ್ಲಿ ಹೋದ ಕಾರುಗಳು, ಸಾಮಾನ್ಯವಾಗಿ ಮೂರು ವರ್ಷ ಆದ ಮೇಲೆ, ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಬರುತ್ತವೆ. ಕಾರುಗಳು ಚೆನ್ನಾಗಿಯೇ ಇರುತ್ತವೆ, ಸರ್ವಿಸ್ ಸರಿಯಾಗಿ ಆಗಿರುತ್ತದೆ, ಹಾಗಾಗಿ ಜನ ಇಷ್ಟಪಟ್ಟು ಕೊಳ್ಳುತ್ತಾರೆ. ನನ್ನ ಪ್ರಕಾರ ಕೊಳ್ಳಬೇಕಾದ ಕಾರುಗಳೇ ಅವು.

ಈಗ ಕೆಲಸದ ವಿಷಯಕ್ಕೆ ಬರೋಣ. ಮಾಮೂಲಿ ಕಾರಾದರೆ ಮಾರುವವರು ವಿ5ಸಿಯಿಂದ ಹರಿದು ಕೊಡುವ ಹಸಿರು ಚೀಟಿ, ಅಂದರೆ ನ್ಯೂ ಕೀಪರ್ ಸ್ಲಿಪ್, ಅದರಲ್ಲಿ 12 ಅಂಕಿಯ ನಂಬರ್ ಇರುತ್ತದೆ. ಅದನ್ನು ಸರ್ಕಾರದ ವೆಬ್‌ಸೈಟ್ ಗವ್ ಡಾಟ್ ಯುಕೆಯಲ್ಲಿ ಹಾಕಿ, ಕಾರ್ಡಿನಲ್ಲಿ ದುಡ್ಡು ಕಟ್ಟಿ, ಅಲ್ಲೇ ನಿಂತು ಓಡಿಸಿಕೊಂಡು ಬರಬಹುದು. ಡಿಸೇಬಲ್ಡ್ ಕ್ಲಾಸಿನಿಂದ ಹೊರಗೆ ತರಬೇಕಾದರೆ ಈ ಶಾರ್ಟ್‌ಕಟ್ ಇಲ್ಲ. ವಿನಾಯಿತಿ ಇರುವ ಕ್ಲಾಸಿಗೆ ಹೋಗುವುದಾಗಲಿ, ಅಲ್ಲಿಂದ ಬರುವುದಾಗಲಿ, ಪೋಸ್ಟ್ ಆಫೀಸಿಗೇ ಹೋಗಬೇಕು. ಅದೂ ಎಲ್ಲ ಪೋಸ್ಟ್ ಆಫೀಸಿಗೂ ಅಲ್ಲ, ವಾಹನ ಟ್ಯಾಕ್ಸ್ ಕೆಲಸ ಮಾಡುವ ಶಾಖೆಗೆ. ಅಂಗಡಿಯ ಮೂಲೆಯಲ್ಲಿರುವ ಸಣ್ಣ ಕೌಂಟರ್‌ನಲ್ಲಿ ಇದು ಇಲ್ಲದೇ ಇರಬಹುದು. ಪೋಸ್ಟ್ ಆಫೀಸ್ ವೆಬ್‌ಸೈಟಿನ ಬ್ರಾಂಚ್ ಫೈಂಡರ್‌ನಲ್ಲಿ ವೆಹಿಕಲ್ ಟ್ಯಾಕ್ಸ್ ಅಂತ ಆರಿಸಿಕೊಂಡು ಹುಡುಕಿ, ತೆರೆದಿರುವ ಹೊತ್ತು ನೋಡಿಕೊಳ್ಳಿ.

ಈಗ ಗೊತ್ತಾಯಿತಲ್ವಾ ತೊಂದರೆ ಎಲ್ಲಿ ಅಂತ. ಭಾನುವಾರ ಸಂಜೆ, ಊರಿಂದ ನೂರು ಮೈಲಿ ದೂರ, ದುಡ್ಡು ಕೊಟ್ಟಾಗಿದೆ, ಕೀ ಕೈಯಲ್ಲಿದೆ, ಇನ್ಶೂರೆನ್ಸ್ ಕೂಡ ಶುರುವಾಗಿದೆ, ಟ್ಯಾಕ್ಸ್ ಮಾತ್ರ ಕಟ್ಟಲು ಆಗುತ್ತಿಲ್ಲ. ಟ್ಯಾಕ್ಸ್ ಇಲ್ಲದೆ ಕಾರನ್ನು ರಸ್ತೆಗೆ ತರುವ ಹಾಗಿಲ್ಲ, ಮೊದಲೇ ಬುಕ್ ಮಾಡಿದ ಎಂಒಟಿ ಪರೀಕ್ಷೆಗೆ ಹೋಗುವುದೊಂದು ಬಿಟ್ಟರೆ. ಒಂದು ದಿನ ತಾನೇ ಅಂತ ಓಡಿಸುವವರೂ ಇದ್ದಾರೆ. ದಯವಿಟ್ಟು ಬೇಡ. ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಎಲ್ಲ ಕಡೆ ಇವೆ, ಟ್ಯಾಕ್ಸ್ ಇಲ್ಲ ಅಂತ ಡಿವಿಎಲ್‌ಎ ಕಂಪ್ಯೂಟರಿಗೆ ತಾನಾಗಿಯೇ ಗೊತ್ತಾಗುತ್ತದೆ, 80 ಪೌಂಡ್ ದಂಡದ ಪತ್ರ ಮನೆಗೆ ಬರುತ್ತದೆ. ಬೇಗ ಕಟ್ಟಿದರೆ ಅದು ಅರ್ಧಕ್ಕೆ ಇಳಿಯುತ್ತದೆ, ಆದರೆ ಗಾಡಿಗೆ ಕ್ಲ್ಯಾಂಪ್ ಹಾಕಿದರೆ ಬಿಡಿಸಿಕೊಳ್ಳಲು ಅದರ ಮೇಲೆ ಬೇರೆ ದುಡ್ಡು.

ಹಾಗಾಗಿ ಡೆಲಿವರಿ ದಿನವನ್ನು ನೀವೇ ಆರಿಸಿಕೊಳ್ಳಿ. ವಾರದ ದಿನ ಬೆಳಗ್ಗೆ ಹೋಗಿ, ವ್ಯವಹಾರ ಮುಗಿಸಿ, ಕಾರನ್ನು ಅವರ ಜಾಗದಲ್ಲೇ ಬಿಟ್ಟು, ಹಸಿರು ಚೀಟಿ ಹಿಡಿದುಕೊಂಡು ಹತ್ತಿರದ ಪೋಸ್ಟ್ ಆಫೀಸಿಗೆ ಹೋಗಿ ಬಂದು, ಆಮೇಲೆ ಓಡಿಸಿ. ಡೀಲರ್ ಹತ್ತಿರ ಕೊಳ್ಳುತ್ತಿದ್ದರೆ ಕ್ಲಾಸ್ ಬದಲಾಯಿಸುವ ಕೆಲಸವನ್ನು ನೀವೇ ಮುಗಿಸಿಕೊಡುತ್ತೀರಾ ಅಂತ ಮುಂಗಡ ಕೊಡುವ ಮೊದಲೇ ಕೇಳಿ. ದುಡ್ಡು ಪೂರ್ತಿ ಹೋದ ಮೇಲೆ ಕೇಳಿದರೆ ಅದೇ ಆಸಕ್ತಿ ಇರುತ್ತದೆ ಅಂತ ಹೇಳಲಾಗದು. ಒಪ್ಪಿದರೆ ಅದನ್ನು ಮೆಸೇಜಿನಲ್ಲೋ ಈಮೇಲಿನಲ್ಲೋ ಬರೆಸಿಕೊಳ್ಳಿ.

ಪೋಸ್ಟ್ ಆಫೀಸಿಗೆ ಏನೇನು ತೆಗೆದುಕೊಂಡು ಹೋಗಬೇಕು? ಮುಖ್ಯವಾಗಿ ನಿಮ್ಮ ಹೆಸರಿನಲ್ಲಿರುವ ವಿ5ಸಿ, ಅದು ಇನ್ನೂ ಬಂದಿಲ್ಲದಿದ್ದರೆ ಹಸಿರು ಚೀಟಿ. ಹೊಸ ಮಾದರಿಯ ಲಾಗ್‌ಬುಕ್ಕಿನಲ್ಲಿ ಅದು 6ನೇ ಭಾಗ. ಹಳೆಯ ಮಾಲೀಕರ ಹೆಸರಿರುವ ಇಡೀ ವಿ5ಸಿಯನ್ನು ಕೌಂಟರ್‌ನಲ್ಲಿ ಕೊಟ್ಟು ಇದರಲ್ಲೇ ಮಾಡಿಕೊಡಿ ಅಂದರೆ ಕೆಲಸ ಆಗುವುದಿಲ್ಲ. ಎರಡೂ ಇಲ್ಲದಿದ್ದರೆ ವಿ62 ಫಾರಂ ತುಂಬಿ ಹೊಸ ಲಾಗ್‌ಬುಕ್ಕಿಗೆ ಅರ್ಜಿ ಹಾಕಬೇಕು, ಅದಕ್ಕೆ 25 ಪೌಂಡ್. ಆದರೆ ಎರಡೂ ಇಲ್ಲದ ಕಾರನ್ನು ಕೊಳ್ಳುವ ಮೊದಲು ಇನ್ನೊಂದು ಸಲ ಯೋಚಿಸಿ, ಮಾರುವವರ ಹತ್ತಿರ ಯಾಕೆ ಇಲ್ಲ ಅನ್ನುವ ಪ್ರಶ್ನೆಗೆ ಸರಿಯಾದ ಉತ್ತರ ಬರಲಿ.

ಎಂಒಟಿ ಬೇಕಾದ ವಯಸ್ಸಿನ ಕಾರಾದರೆ ಅದು ಟ್ಯಾಕ್ಸ್ ಶುರುವಾಗುವ ದಿನ ಚಾಲ್ತಿಯಲ್ಲಿರಬೇಕು. ಮೊದಲ ನೋಂದಣಿಯಿಂದ ಮೂರು ವರ್ಷ ಆದ ಕಾರುಗಳಿಗೆ ಎಂಒಟಿ ಕಡ್ಡಾಯ, ಉತ್ತರ ಐರ್ಲೆಂಡಿನಲ್ಲಿ ನಾಲ್ಕು ವರ್ಷ. ಮೋಟಬಿಲಿಟಿಯಿಂದ ಬಂದ ಮೂರು ವರ್ಷದ ಕಾರುಗಳಲ್ಲಿ ಇದು ಸರಿಯಾಗಿ ಗಡಿಯ ಮೇಲೆ ನಿಂತಿರುತ್ತದೆ, ನೋಡಿಕೊಳ್ಳಿ. ಉತ್ತರ ಐರ್ಲೆಂಡಿನಲ್ಲಿದ್ದರೆ ಇನ್ಶೂರೆನ್ಸ್ ಸರ್ಟಿಫಿಕೇಟ್ ಕೂಡ ಒಯ್ಯಿರಿ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನಲ್ಲಿ ಕೌಂಟರ್‌ನವರು ಅದನ್ನು ಕೇಳುವುದಿಲ್ಲ, ಆದರೆ ಇನ್ಶೂರೆನ್ಸ್ ಇಲ್ಲದೆ ಓಡಿಸಬಹುದು ಅಂತ ಅದರ ಅರ್ಥ ಅಲ್ಲ. ಬ್ಯಾಂಕ್ ಕಾರ್ಡ್ ಇರಲಿ. ಡೈರೆಕ್ಟ್ ಡೆಬಿಟ್ ಮಾಡಿಸುವುದಾದರೆ ಅಕೌಂಟ್ ನಂಬರ್, ಸಾರ್ಟ್ ಕೋಡ್ ಬರೆದುಕೊಂಡು ಹೋಗಿ.

ಕೌಂಟರ್‌ನಲ್ಲಿ ಸುಮ್ನೆ 'ಟ್ಯಾಕ್ಸ್ ಕಟ್ಟಬೇಕು' ಅನ್ನಬೇಡಿ. ಈ ಕಾರು ಡಿಸೇಬಲ್ಡ್ ಕ್ಲಾಸಿನಲ್ಲಿದೆ, ಅದನ್ನು ಮಾಮೂಲಿ ಕ್ಲಾಸಿಗೆ ಬದಲಾಯಿಸಿ ಟ್ಯಾಕ್ಸ್ ಮಾಡಬೇಕು ಅಂತ ಸ್ಪಷ್ಟವಾಗಿ ಹೇಳಿ. ದಿನಕ್ಕೆ ಹತ್ತು ಥರದ ಕೆಲಸ ಮಾಡುವವರು ಅವರು, ಇದು ದಿನಾ ಬರುವ ಕೆಲಸ ಅಲ್ಲ. ಕೆಲವರು ಆನ್‌ಲೈನ್‌ನಲ್ಲಿ ಮಾಡಿಕೊಳ್ಳಿ ಅಂತ ವಾಪಸ್ ಕಳಿಸಲು ನೋಡುತ್ತಾರೆ. ಆಗ ಬೇಜಾರು ಮಾಡಿಕೊಳ್ಳದೆ ಚೇಂಜ್ ಆಫ್ ಟ್ಯಾಕ್ಸ್ ಕ್ಲಾಸ್ ಅನ್ನುವ ಮಾತನ್ನು ಹಾಗೇ ಇನ್ನೊಮ್ಮೆ ಹೇಳಿ, ಗೊತ್ತಿರುವ ಬೇರೆ ಸಿಬ್ಬಂದಿಯನ್ನು ಕೇಳಲು ವಿನಂತಿಸಿ. ಗವ್ ಡಾಟ್ ಯುಕೆಯಲ್ಲಿ ಈ ಬಗ್ಗೆ ಇರುವ ಪುಟವನ್ನು ಫೋನಿನಲ್ಲಿ ತೆರೆದಿಟ್ಟುಕೊಂಡಿದ್ದರೆ ಮಾತು ಬೇಗ ಮುಗಿಯುತ್ತದೆ.

ಅವರು ನಿಮ್ಮ ವಿ5ಸಿಯನ್ನೋ ಹಸಿರು ಚೀಟಿಯನ್ನೋ ಇಟ್ಟುಕೊಂಡು ಡಿವಿಎಲ್‌ಎಗೆ ಕಳಿಸುತ್ತಾರೆ. ಅದಕ್ಕೇ ಕೊಡುವ ಮೊದಲು ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ. ರಸೀದಿ ತಪ್ಪದೆ ಕೇಳಿ ಪಡೆಯಿರಿ. ಅರ್ಜಿ ಡಿವಿಎಲ್‌ಎಯಲ್ಲಿ ಇರುವಾಗಲೂ ಕಾರು ಓಡಿಸಬಹುದು. ಆನ್‌ಲೈನ್ ದಾಖಲೆ ಸರಿಯಾಗಲು ಕೆಲವು ದಿನ ಹಿಡಿದರೆ ನಿಮ್ಮ ಕೈಯಲ್ಲಿರುವ ಆಧಾರ ಆ ರಸೀದಿ ಒಂದೇ. ಆಮೇಲೆ ಹೊಸ ವಿ5ಸಿ ಅಂಚೆಯಲ್ಲಿ ಬರುತ್ತದೆ. ಬಂದ ತಕ್ಷಣ ಡ್ರಾಯರ್‌ಗೆ ಹಾಕಬೇಡಿ, ಟ್ಯಾಕ್ಸೇಷನ್ ಕ್ಲಾಸ್ ಸಾಲು ಬದಲಾಗಿದೆಯಾ ನೋಡಿ. ಹೆಸರು ನಿಮ್ಮದು, ಕ್ಲಾಸ್ ಹಳೆಯದೇ ಆಗಿದ್ದರೆ ಮುಂದಿನ ವರ್ಷ ಮತ್ತೆ ಇದೇ ತಾಪತ್ರಯ. ಅದಕ್ಕಿಂತ ಮುಖ್ಯವಾಗಿ, ನಿಮಗೆ ಹಕ್ಕಿಲ್ಲದ ವಿನಾಯಿತಿಯಲ್ಲಿ ಕಾರು ಓಡಿಸಿದ ಹಾಗಾಗುತ್ತದೆ, ಅದು ಅಪರಾಧ.

ಇನ್ನು ದುಡ್ಡಿನ ಲೆಕ್ಕ. ಮಾರುವವರು 'ಈ ಕಾರಿಗೆ ಟ್ಯಾಕ್ಸೇ ಇಲ್ಲ' ಅಂದರೆ ನಂಬಬೇಡಿ, ಅದು ಅವರಿಗೆ ಇರಲಿಲ್ಲ ಅಷ್ಟೇ. ನಿಮಗೆ ಎಷ್ಟು ಬರುತ್ತದೆ ಅನ್ನುವುದು ಕಾರು ಮೊದಲು ನೋಂದಣಿ ಆದ ದಿನದ ಮೇಲೆ ನಿಂತಿದೆ. 2001ರ ಮಾರ್ಚ್ 1ಕ್ಕೆ ಮೊದಲಿನ ಕಾರಿಗೆ ಇಂಜಿನ್ ಗಾತ್ರ ನೋಡುತ್ತಾರೆ, 1549 ಸಿಸಿ ಗಡಿ. ಅಲ್ಲಿಂದ 2017ರ ಮಾರ್ಚ್ 31ರವರೆಗಿನ ಕಾರುಗಳಿಗೆ ಹೊಗೆಯಲ್ಲಿ ಬರುವ ಕಾರ್ಬನ್ ಡೈಆಕ್ಸೈಡ್ ಎಷ್ಟು ಅನ್ನುವುದರ ಮೇಲೆ ಎ ಇಂದ ಎಂ ವರೆಗೆ ಬ್ಯಾಂಡ್. 2017ರ ಏಪ್ರಿಲ್ 1ರ ನಂತರದ ಕಾರುಗಳಿಗೆ ಮೊದಲ ವರ್ಷ ಕಳೆದ ಮೇಲೆ ಒಂದೇ ದರ, 2025ರ ಏಪ್ರಿಲ್‌ನಲ್ಲಿ ಅದು ವರ್ಷಕ್ಕೆ 195 ಪೌಂಡ್ ಆಯಿತು. ಆವತ್ತಿನಿಂದ ಎಲೆಕ್ಟ್ರಿಕ್ ಕಾರುಗಳೂ ಟ್ಯಾಕ್ಸ್ ಕಟ್ಟಬೇಕು. ದರಗಳು ಏಪ್ರಿಲ್‌ನಲ್ಲಿ ಬದಲಾಗುತ್ತವೆ, ಕಟ್ಟುವ ದಿನದ ದರ ನೋಡಿಕೊಳ್ಳಿ.

ಇದರಲ್ಲಿ ಒಂದು ಗುಂಡಿ ಇದೆ. ಹೊಸದಾಗಿದ್ದಾಗ ಲಿಸ್ಟ್ ಬೆಲೆ 40,000 ಪೌಂಡ್ ದಾಟಿದ್ದ ಪೆಟ್ರೋಲ್, ಡೀಸೆಲ್ ಕಾರಿಗೆ ಎರಡನೇ ವರ್ಷದಿಂದ ಐದು ವರ್ಷ ಹೆಚ್ಚುವರಿ ಟ್ಯಾಕ್ಸ್ ಇದೆ. ನೀವು ಅದನ್ನು ಅರ್ಧ ಬೆಲೆಗೆ ಕೊಂಡಿದ್ದರೂ ಲೆಕ್ಕಕ್ಕೆ ಬರುವುದು ಆಗಿನ ಲಿಸ್ಟ್ ಬೆಲೆ. ಹಿಂದಿನವರಿಗೆ ವಿನಾಯಿತಿ ಇದ್ದಷ್ಟು ದಿನ ಇದು ಕಾಣಿಸಿರುವುದಿಲ್ಲ. ಕ್ಲಾಸ್ ಬದಲಾದ ಕೂಡಲೇ ನಿಮ್ಮ ತಲೆ ಮೇಲೆ ಬರುತ್ತದೆ. ಮೂರು ವರ್ಷದ ದೊಡ್ಡ ಎಸ್‌ಯುವಿ ಕೊಳ್ಳುವಾಗ ಇದನ್ನು ಬೆಲೆಯಲ್ಲೇ ಸೇರಿಸಿ ಚೌಕಾಸಿ ಮಾಡಿ.

ಇನ್ನೊಂದು ಮಾತು. ಟ್ಯಾಕ್ಸ್ ಯಾವಾಗಲೂ ತಿಂಗಳ 1ನೇ ತಾರೀಕಿನಿಂದ ಲೆಕ್ಕ. 29ಕ್ಕೆ ಕಾರು ತಂದರೆ ಎರಡೇ ದಿನಕ್ಕೆ ಇಡೀ ತಿಂಗಳ ದುಡ್ಡು ಹೋಗುತ್ತದೆ. ಮಾರುವವರು ಒಪ್ಪಿದರೆ ಮುಂದಿನ ತಿಂಗಳ ಮೊದಲ ವಾರ ಡೆಲಿವರಿ ತೆಗೆದುಕೊಳ್ಳಿ. ವರ್ಷದ್ದು ಒಂದೇ ಸಲ ಕಟ್ಟಿದರೆ ಜಾಸ್ತಿ ಬೀಳುವುದಿಲ್ಲ, ತಿಂಗಳು ತಿಂಗಳು ಡೈರೆಕ್ಟ್ ಡೆಬಿಟ್ ಅಂದರೆ ಶೇಕಡಾ 5 ಹೆಚ್ಚು.

ಹುಡುಕಿದರೆ ವಿ70 ಅನ್ನುವ ಫಾರಂ ಕೂಡ ಸಿಗುತ್ತದೆ. ಅದು ಟ್ಯಾಕ್ಸ್ ಚಾಲ್ತಿಯಲ್ಲಿರುವಾಗಲೇ ಕ್ಲಾಸ್ ಬದಲಾಯಿಸುವವರಿಗೆ, ಉದಾಹರಣೆಗೆ ತಮ್ಮದೇ ಕಾರಿನ ಇಂಧನ ಬದಲಾಯಿಸಿದವರಿಗೆ. ನೀವು ಈಗಷ್ಟೇ ಕೊಂಡವರು, ನಿಮ್ಮ ಹೆಸರಲ್ಲಿ ಓಡುತ್ತಿರುವ ಟ್ಯಾಕ್ಸೇ ಇಲ್ಲ, ಹಾಗಾಗಿ ಅದನ್ನು ತುಂಬಿ ಅಂಚೆಗೆ ಹಾಕಿ ಕಾಯುತ್ತಾ ಕೂರಬೇಡಿ.

ಕೊಂಡವರಲ್ಲೇ ಯಾರಿಗಾದರೂ ಆ ವಿನಾಯಿತಿಯ ಹಕ್ಕು ಇದ್ದರೆ? ಅಪ್ಪ ಅಮ್ಮ ಜೊತೆಯಲ್ಲಿದ್ದು ಅವರಿಗೆ ಪಿಐಪಿ ಹೆಚ್ಚಿನ ದರದಲ್ಲಿ ಬರುತ್ತಿದ್ದರೆ? ಆಗಲೂ ಕಾರು ಮೊದಲೇ ಡಿಸೇಬಲ್ಡ್ ಕ್ಲಾಸಿನಲ್ಲಿದೆಯಲ್ಲ ಅಂತ ಸುಮ್ಮನಿರುವ ಹಾಗಿಲ್ಲ. ನಿಮ್ಮ ಹಕ್ಕಿನ ಪತ್ರ ತೋರಿಸಿ ಹೊಸದಾಗಿ ಪಡೆಯಬೇಕು. ಪಿಐಪಿ ಕಡಿಮೆ ದರದಲ್ಲಿ ಬರುವವರಿಗೆ ಟ್ಯಾಕ್ಸಿನಲ್ಲಿ ಅರ್ಧ ರಿಯಾಯಿತಿ ಇದೆ, ಇದು ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ. ನಿಮ್ಮ ಮನೆಯಲ್ಲಿ ಅಂಥವರು ಇದ್ದರೆ ಸಂಕೋಚ ಬಿಟ್ಟು ಕೇಳಿ ಪಡೆಯಿರಿ.