ಹಳೇ ಸಾಮಾನಿನ ಅಂಗಡಿಯ ಇಪ್ಪತ್ತು ಗ್ಲಾಸುಗಳಲ್ಲಿ 'ಬ್ಲ್ಯಾಕ್ ಏಂಜಲ್ಸ್': ನನ್ನ ಅನುಭವ

ಅಮೆರಿಕದ ಸಂಗೀತ ರಚನಕಾರ ಜಾರ್ಜ್ ಕ್ರಂಬ್ ಅವರ 'ಬ್ಲ್ಯಾಕ್ ಏಂಜಲ್ಸ್' ಎರಡು ವಯೊಲಿನ್, ವಯೋಲಾ, ಚೆಲ್ಲೊ ಸೇರಿದ ನಾಲ್ವರ ತಂಡ (ಕ್ವಾರ್ಟೆಟ್) ಮೈಕ್ ಹಚ್ಚಿ ನುಡಿಸುವ ಕೃತಿ; ನಡುವೆ ನೀರು ತುಂಬಿದ ಗ್ಲಾಸುಗಳ ಅಂಚಿಗೂ ಕಮಾನು ಎಳೆಯಬೇಕು. ಆ ಗ್ಲಾಸುಗಳ ಬಗ್ಗೆ ಕೇಳಿದವರೆಲ್ಲ ಒಂದೇ ಮಾತು ಹೇಳಿದ್ದರು: ಒಳ್ಳೆಯ ಕ್ರಿಸ್ಟಲ್ ಸೆಟ್ ಬಾಡಿಗೆಗೆ ತನ್ನಿ, ಆಗದಿದ್ದರೆ ಈ ಕೃತಿಯನ್ನೇ ಬಿಡಿ. ನಮ್ಮ ವಯೋಲಾದವರಂತೂ "ಆ ಗ್ಲಾಸು ನಾದ ಕೊಟ್ಟರೆ ನೋಡೋಣ" ಅಂದು ಸುಮ್ಮನಾಗಿದ್ದರು. ಹೋದ ಏಪ್ರಿಲ್‌ನಲ್ಲಿ ನಾವು ನಾಲ್ವರು ಅದೇ ಗ್ಲಾಸುಗಳಲ್ಲಿ ನುಡಿಸಿದೆವು. ನಾದ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಫಿಲಡೆಲ್ಫಿಯಾದಿಂದ ಮುಕ್ಕಾಲು ಗಂಟೆ ದೂರದಲ್ಲಿ. ಜಾರ್ಜ್ ಕ್ರಂಬ್ ದಶಕಗಳ ಕಾಲ ಪಾಠ ಹೇಳಿದ ಊರು ಅದು. 2022ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗಲೇ ಇದನ್ನು ನುಡಿಸಬೇಕೆಂದು ತಲೆಗೆ ಹತ್ತಿತು. ವಿಯೆಟ್ನಾಂ ಯುದ್ಧದ ಹೊತ್ತಿನ ಕೃತಿ. ಬರೆದು ಮುಗಿಸಿದ ದಿನವನ್ನು ಅವರೇ ಸ್ಕೋರಿನಲ್ಲಿ (ಸ್ವರಲಿಪಿಯಲ್ಲಿ) ದಾಖಲಿಸಿದ್ದಾರೆ: 1970ರ ಮಾರ್ಚ್ 13, ಶುಕ್ರವಾರ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಿಷಿಗನ್‌ನ ಆ್ಯನ್ ಆರ್ಬರ್‌ನಲ್ಲಿ ಸ್ಟ್ಯಾನ್ಲಿ ಕ್ವಾರ್ಟೆಟ್ ಮೊದಲು ನುಡಿಸಿತು. ಇದನ್ನು ರೇಡಿಯೊದಲ್ಲಿ ಕೇಳಿಯೇ ವಯೊಲಿನ್ ವಾದಕ ಡೇವಿಡ್ ಹ್ಯಾರಿಂಗ್ಟನ್ 1973ರಲ್ಲಿ ಹೆಸರಾಂತ ಕ್ರೋನೋಸ್ ಕ್ವಾರ್ಟೆಟ್ ಕಟ್ಟಿದ್ದು. ಇಷ್ಟು ಹಿನ್ನೆಲೆ ಸಾಕು, ಗ್ಲಾಸಿಗೆ ಬರುತ್ತೇನೆ.

ಎರಡು ವಯೊಲಿನ್‌ಗಳಿಗೆ ಏಳೇಳು, ವಯೋಲಾಗೆ ಆರು, ಒಟ್ಟು ಇಪ್ಪತ್ತು. ಮೊದಲು ಆನ್‌ಲೈನ್‌ನಲ್ಲಿ ಹೊಸ ವೈನ್ ಗ್ಲಾಸು ತರಿಸಿ ಸುಮಾರು 180 ಡಾಲರ್ ಕಳೆದೆ. ಅಂಚು ದಪ್ಪ, ಕಮಾನು ಎಳೆದರೆ ಕಿರ್ ಅನ್ನುವುದು ಬಿಟ್ಟು ಒಂದೂ ಹಾಡಲಿಲ್ಲ. ಆಮೇಲೆ ಶನಿವಾರ ಶನಿವಾರ ಹಳೇ ಸಾಮಾನಿನ ಅಂಗಡಿಗಳನ್ನು ಸುತ್ತಿದೆ. ಜೇಬಿನಲ್ಲಿ ಪುಟ್ಟ ನೀರಿನ ಬಾಟಲಿ, ಫೋನಿನಲ್ಲಿ ಟ್ಯೂನರ್. ಬೆರಳು ಒದ್ದೆ ಮಾಡಿ ಅಂಚಿನ ಮೇಲೆ ಸುತ್ತಿಸಬೇಕು. ಮೂರು ಸುತ್ತಿನೊಳಗೆ ದನಿ ಎತ್ತದ ಗ್ಲಾಸನ್ನು ಹಾಗೇ ವಾಪಸ್ ಇಡಬೇಕು. ನೂರೈವತ್ತರ ಹತ್ತಿರ ಉಜ್ಜಿ ನೋಡಿರಬೇಕು, ಮೂವತ್ತು ಮನೆಗೆ ಬಂದವು. ಒಂದೊಂದಕ್ಕೆ ಡಾಲರು, ಎರಡು ಡಾಲರು. ಎಲ್ಲ ಸೇರಿ 50 ದಾಟಿಲ್ಲ.

ಜಲತರಂಗ್ ಗೊತ್ತಿದ್ದವರಿಗೆ ಇಲ್ಲಿಯ ಲೆಕ್ಕ ಹೊಸದಲ್ಲ: ನೀರು ಹಾಕಿದಷ್ಟೂ ಶ್ರುತಿ ಇಳಿಯುತ್ತದೆ, ಏರುವುದಿಲ್ಲ. ಹಾಗಾಗಿ ಖಾಲಿ ಗ್ಲಾಸಿನ ಶ್ರುತಿ ಬೇಕಾದ್ದಕ್ಕಿಂತ ಒಂದೆರಡು ಸ್ವರ ಮೇಲಿರಬೇಕು. ಅದಕ್ಕಿಂತ ಮೇಲಿದ್ದರೆ ಮುಕ್ಕಾಲು ತುಂಬಿಸಬೇಕಾಗುತ್ತದೆ, ನಾದ ಸತ್ತುಹೋಗುತ್ತದೆ. ತಳದಲ್ಲಿ ಎರಡು ಬೆರಳು ನೀರು ಹಾಕಿದರೆ ಏನೂ ಆಗುವುದಿಲ್ಲ. ಅರ್ಧ ದಾಟಿದ ಮೇಲೆ ಒಂದೊಂದು ಚಮಚವೂ ಲೆಕ್ಕಕ್ಕೆ ಬರುತ್ತದೆ. ನಲ್ಲಿ ನೀರಾದರೆ ಗಾಜಿಗೆ ಗುಳ್ಳೆ ಅಂಟಿಕೊಂಡು ದನಿ ಮಂಕಾಗುತ್ತದೆ. ಕುದಿಸಿ ಆರಿಸಿದ ನೀರು ಹಾಕಿ. ನಾನು ಮಗಳ ಔಷಧಿ ಸಿರಿಂಜಿನಿಂದ ತುಂಬಿಸಿ, ನೀರಿನ ಮಟ್ಟವನ್ನು ಹೊರಗಡೆ ಕೆಂಪು ನೇಲ್ ಪಾಲಿಶ್‌ನಿಂದ ಗುರುತು ಮಾಡಿದೆ. ಮೊದಲ ಪೂರ್ಣ ತಾಲೀಮಿನಲ್ಲಿ ಮಧ್ಯಾಹ್ನವೇ ತುಂಬಿಸಿಟ್ಟು ಕೆಟ್ಟೆ. ದೀಪದ ಕಾವಿಗೆ ನೀರು ಆವಿಯಾಗಿ, ಸಂಜೆಗೆ ಮೂರು ಗ್ಲಾಸು ಕಿವಿಗೆ ಚುಚ್ಚುವಷ್ಟು ಏರಿದ್ದವು. ಈಗ ಅರ್ಧ ಗಂಟೆ ಮೊದಲು ತುಂಬಿಸುತ್ತೇನೆ.

ಕಮಾನು ಎಳೆದಾಗ ಗ್ಲಾಸು ಜಾರುವುದು ದೊಡ್ಡ ಗೋಳು. ಎರಡೂ ಕಡೆ ಅಂಟುವ ಟೇಪ್ ಹಾಕಿದೆ, ಆದರೂ ಜಾರಿತು. ಬಿಸಿ ಅಂಟು ಹಾಕಿದೆ, ಬಿಡಿಸುವಾಗ ಎರಡರ ಕಾಲು ಮುರಿಯಿತು. ಕೊನೆಗೆ ಹಲಗೆಯ ಮೇಲೆ ಹಾಕಿದ್ದು ಅಡುಗೆಮನೆಯ ವಸ್ತು. ಏನೆಂದು ಹೇಳುವುದಿಲ್ಲ, ಆರು ತಿಂಗಳ ಫಲ ಅದು. ಕಮಾನಿನ ಬಗ್ಗೆ ಹೇಳುತ್ತೇನೆ: ಒಳ್ಳೆಯದನ್ನು ಹಾಳು ಮಾಡಬೇಡಿ, ಅಗ್ಗದ ಫೈಬರ್ ಕಮಾನಿಗೆ ಡಬಲ್ ಬಾಸ್‌ನ (ದೊಡ್ಡ ಮಂದ್ರ ವಾದ್ಯದ) ಜಿಗುಟು ರೋಸಿನ್, ಅಂದರೆ ರಾಳ, ಬಳಿಯಿರಿ.

ನಡುವೆ ಒಂದು ಪ್ರಯೋಗ. ಈ ಕೃತಿಗೆ ಬೇಕಾದ 15 ಇಂಚಿನ ಟ್ಯಾಮ್‌ಟ್ಯಾಮ್ (ನೇತುಹಾಕುವ ಲೋಹದ ಗಾಂಗ್) ಸಿಗದೆ, ಊರಿಂದ ತಂದಿದ್ದ ಜಾಗಟೆಯನ್ನೇ ನೇತುಹಾಕಿ ಬಾಸ್ ಕಮಾನು ಎಳೆದೆ. ಚೆನ್ನಾಗಿಯೇ ಕೂಗಿತು, ಆದರೆ ಒಂದೇ ಸ್ವರ ಹಿಡಿದು ಕೂತಿತು. ಅಲ್ಲಿ ಬೇಕಿರುವುದು ಸ್ವರವಲ್ಲ, ಹರಡಿಕೊಳ್ಳುವ ಗದ್ದಲ. ಜಾಗಟೆ ದೇವರ ಮನೆಗೆ ವಾಪಸ್ ಹೋಯಿತು, ಟ್ಯಾಮ್‌ಟ್ಯಾಮ್ ಒಂದು ಶಾಲೆಯಿಂದ ಬಂತು.

ಮೈಕ್‌ಗೆ ಸುರಿದ ದುಡ್ಡೇ ಹೆಚ್ಚು. 20 ಡಾಲರಿನ ಪಿಯೆಜೊ (ವಾದ್ಯಕ್ಕೆ ಅಂಟಿಸುವ ಪುಟ್ಟ ಮೈಕ್) ನಾಲ್ಕು ತಂದೆವು. ತಗಡಿನ ದನಿ, ಮೊದಲ ಪುಟದಲ್ಲೇ ಸ್ಪೀಕರ್ ಊಳಿಟ್ಟಿತು. ಪ್ರತಿಯೊಂದಕ್ಕೂ ಸೆಕೆಂಡ್ ಹ್ಯಾಂಡ್ ಪ್ರಿಆಂಪ್ (ಮೈಕಿನ ದನಿ ಹಿಗ್ಗಿಸುವ ಸಾಧನ) ಹಾಕಿದ ಮೇಲೆ, ಅಂದರೆ ಇನ್ನೊಂದು 350 ಡಾಲರ್ ಹೋದ ಮೇಲೆ, ವಯೊಲಿನ್‌ಗೆ ಮೈ ಬಂತು. ಮೈಕಿನ ಸೌಕರ್ಯ ಸಾಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲೆಂದು ನಮ್ಮ ಮೈಸೂರು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದು ಆಗೆಲ್ಲ ನೆನಪಾಗುತ್ತಿತ್ತು.

ಆರನೇ ಭಾಗದ 'ಪವಾನಾ'ದಲ್ಲಿ ವಾದ್ಯವನ್ನು ತೊಡೆಯ ಮೇಲೆ ನಿಲ್ಲಿಸಿ, ಎಡಗೈ ಬೆರಳುಗಳ ಆಚೆ, ಬಿರಡೆಯ ಕಡೆ ಕಮಾನು ಎಳೆಯಬೇಕು, ಅಲ್ಲಿ ಎಲ್ಲ ತಿರುಗುಮುರುಗು. ಬೆರಳು ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಜ್‌ನ) ಕಡೆ ಸರಿದಷ್ಟೂ ಶ್ರುತಿ ಇಳಿಯುತ್ತದೆ. ಚಿಕ್ಕಂದಿನಲ್ಲಿ ಕಲಿತ ಕರ್ನಾಟಕ ಸಂಗೀತದ ಕೈ ನನಗೆ ಇಲ್ಲಿ ಅಡ್ಡವೇ ಬಂತು, ಎರಡು ತಿಂಗಳು ತಿಂದಿತು. ಕ್ರಂಬ್ ಅಲ್ಲಿ ಎತ್ತಿಕೊಂಡಿರುವ, ಹತ್ತೊಂಬತ್ತನೇ ಶತಮಾನದ ರಚನಕಾರ ಷೂಬರ್ಟ್‌ನ ಸಂಗೀತ ಗೋರಿಯೊಳಗಿಂದ ಬಂದಂತೆ ಕೇಳಬೇಕು. ಕೊನೆಗೆ ಹಾಗೆ ಕೇಳಿತು.

ಎಲ್ಲ ಶ್ರಮ ಇದ್ದದ್ದು ಹತ್ತನೇ ಭಾಗಕ್ಕೆ, 'ಗಾಡ್ ಮ್ಯೂಸಿಕ್'ಗೆ. ನಾವು ಮೂವರು ವಾದ್ಯ ಕೆಳಗಿಟ್ಟು ಗ್ಲಾಸಿನ ಮುಂದೆ ನಿಂತೆವು. ಬಿ ಮೇಜರ್ ಸ್ವರಮೇಳ ಎಲ್ಲಿಂದ ಹುಟ್ಟಿತೆಂದು ತಿಳಿಯದ ಹಾಗೆ ಎದ್ದಿತು, ಅದರ ಮೇಲೆ ಚೆಲ್ಲೊ ಒಂಟಿಯಾಗಿ ಹಾಡಿತು. ಸುಮಾರು ಎಂಬತ್ತು ಜನರಿದ್ದರು, ಒಬ್ಬರೂ ಅಲುಗಲಿಲ್ಲ. ದೊಡ್ಡ ತಂಡಗಳ ಧ್ವನಿಮುದ್ರಣಗಳ ಪಕ್ಕದಲ್ಲಿ ನಮ್ಮ ಆ ಮೂರ್ನಾಲ್ಕು ನಿಮಿಷ ಇಟ್ಟು ಕೇಳಿದ್ದೇನೆ. ಗ್ಲಾಸಿನ ಮಟ್ಟಿಗೆ ನಾವೇನೂ ಕಡಿಮೆಯಿಲ್ಲ.

ಸಾಮಾನು ಕಟ್ಟುವಾಗ ವಯೋಲಾದವರ ಆರರಲ್ಲಿ ಒಂದು ಗ್ಲಾಸು ಒಡೆಯಿತು. ಅದೇ ಶ್ರುತಿಯದು ಹುಡುಕಲು ಮೊನ್ನೆ ಶನಿವಾರ ಮತ್ತೆ ಅಂಗಡಿಗೆ ಹೋದೆ. ಈ ಸಲ ಅವರೂ ಜೊತೆಗಿದ್ದರು. ನನ್ನ ಬಾಟಲಿ ತೆಗೆದುಕೊಂಡು, ಬೆರಳು ಒದ್ದೆ ಮಾಡಿ, ಕಪಾಟಿನ ಮೊದಲ ಸಾಲಿನಿಂದ ತಾವೇ ಉಜ್ಜುತ್ತ ಬಂದರು.